ಟೈಪಿಂಗ್ ಕ್ಲಾಸಿನ ಪಂಕ್ ರೆಕಾರ್ಡು

ಕಳೆದ ವಾರ ರವಿಕೆ ಹೊಲಿಯಲು ಕೊಡೋಣವೆಂದು ದರ್ಜಿ ಅಂಗಡಿಗೆ ಹೋಗಿದ್ದೆ. ಆತ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಮಹಡಿ ಕೋಣೆಯಲ್ಲಿದ್ದೆ. ಅಲ್ಲಿ ಟೈಪ್‌ರೈಟರಿಗೂ ಇದೇ ಎಣ್ಣೆ ಬಿಡುತ್ತಿದ್ದರು. "ತೋಳು ಎಷ್ಟು ಉದ್ದ ಇಡಲಿ ಮೇಡಂ?" ಎಂದು ದರ್ಜಿ ಮೂರು ಸಲ ಕೇಳಿದನಂತೆ. ಮನೆಗೆ ಬಂದ ಮೇಲೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಾಡಿಯೂ ಹೇಳದೆ ಉಳಿದ ತಪ್ಪೊಂದು ನಿಮಗೂ ಇದ್ದರೆ ನನ್ನ ಅವಸ್ಥೆ ಅರ್ಥವಾದೀತು. ಆ ತಪ್ಪನ್ನು ಹೇಳಬೇಕಾದರೆ ಮೊದಲು ಒಂದು ರೆಕಾರ್ಡಿನ ವಿಚಾರ ಹೇಳಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಹಾಸನದ ಕಡೆಯವರು. ಅಪ್ಪನಿಗೆ ಕೆಜಿಎಫ್‌ನಲ್ಲಿ ಕಾರ್ಖಾನೆಯ ಕೆಲಸ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ನೋಡಿ ನೋಡಿ ಸಾಕಾಗಿ, "ನೊಣ ಹೊಡೆಯೋ ಬದಲು ಟೈಪಿಂಗಾದರೂ ಕಲಿ" ಎಂದು ಅಪ್ಪ ಮಿಸ್ ಐರೀನ್ ಅವರ ಕ್ಲಾಸಿಗೆ ಸೇರಿಸಿದರು. ಮಿಸ್ ಅಲ್ಲಿನದೇ ನಂದಿದುರ್ಗ ಎಂಬ ಚಿನ್ನದ ಗಣಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ಆಂಗ್ಲೋ ಇಂಡಿಯನ್ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಹೂವಿನ ಫ್ರಾಕು, ಒಂದು ಕೂದಲೂ ಅಲುಗದ ತುರುಬು. ಹುಡುಗಿಯರನ್ನೂ "ಮ್ಯಾನ್" ಎಂದೇ ಕರೆಯುತ್ತಿದ್ದರು. ಆರು ಮೆಷಿನ್ನು, ಆರು ಜನ ನಾವು, ಮೂಲೆಯಲ್ಲಿ ಒಂದು ರೆಕಾರ್ಡ್ ಪ್ಲೇಯರ್. ಅದು ಅಲಂಕಾರಕ್ಕಲ್ಲ. ಮಿಸ್ ಅದರಲ್ಲಿ ಸಿಪಾಯಿಗಳು ಹೆಜ್ಜೆ ಹಾಕುವ ಬ್ಯಾಂಡಿನ ಮಾರ್ಚ್ ಹಾಕುತ್ತಿದ್ದರು. ಡ್ರಮ್ಮಿನ ಒಂದು ಪೆಟ್ಟಿಗೆ ಒಂದು ಅಕ್ಷರ.

"ಸೋಲ್ಜರ್ ಕಾಲು ಮಾದಿರಿ ಇರ್ಬೇಕು ಮ್ಯಾನ್ ಬೆರಳು. ಒಂದು ಫಾಸ್ಟು, ಒಂದು ಸ್ಲೋ, ನಡೆಯಲ್ಲ."

ಒಂದು ದಿನ ಆ ಮಾರ್ಚ್ ರೆಕಾರ್ಡು ಸವೆದು ಮುಳ್ಳು ಒಂದೇ ಕಡೆ ಸಿಕ್ಕಿಕೊಂಡಿತು. ಆಸ್ಟ್ರೇಲಿಯಾಕ್ಕೆ ಹೋದ ತಮ್ಮ ಅಕ್ಕನ ಮಗ ಬಿಟ್ಟುಹೋಗಿದ್ದ ರೆಕಾರ್ಡುಗಳ ರಾಶಿಯಲ್ಲಿ ಮಿಸ್ ಕೈಗೆ ಸಿಕ್ಕಿದ್ದೊಂದನ್ನು ತೆಗೆದರು. ಒಂದೇ ಹೊದಿಕೆಯೊಳಗೆ ಎರಡು ತಟ್ಟೆ. "ಡ್ರಮ್ಮು ಇದ್ರೆ ಸಾಕು, ಸದ್ಯಕ್ಕೆ" ಎಂದು ಮುಳ್ಳು ಇಟ್ಟರು.

ಹೇಗೆ ಹೇಳಲಿ? ಯಾರೋ ನಾಲ್ಕು ಜನ ಮೆಟ್ಟಿಲು ಇಳಿಯುವ ವ್ಯವಧಾನವಿಲ್ಲದೆ ಮಹಡಿಯಿಂದ ಹಾರಿದ ಹಾಗಿತ್ತು. ನಮ್ಮ ಬೆರಳುಗಳೂ ಹಿಂದೆಯೇ ಓಡಿದವು. ಮಿಸ್ ಗಡಿಯಾರ ಹಿಡಿದು ನಮ್ಮ ವೇಗ ನೋಡಿದರು, ರೆಕಾರ್ಡು ತೆಗೆಯಲಿಲ್ಲ. ಎರಡನೆಯ ಹಾಡಿನಲ್ಲಿ ಗಿಟಾರು ಸಂತೆಗೆ ಹೊರಟ ಹಾಗೆ ತೂಗಾಡಿತು. ಮೂರನೆಯದಕ್ಕೆ ಯಾವ ಅವಸರವೂ ಇರಲಿಲ್ಲ. ಡ್ರಮ್ಮು ಇಳಿಬಿಸಿಲಿನ ಎತ್ತಿನ ಗಾಡಿಯ ಹಾಗೆ ಬರುತ್ತಿತ್ತು. ಆಮೇಲೆ ತುತ್ತೂರಿ, ಆಮೇಲೆ ಇಗರ್ಜಿಯ ಪಿಯಾನೊ, ಆಮೇಲೆ ಮತ್ತೆ ಕಿರುಚಾಟ. ಇಂಥದ್ದಕ್ಕೆ ಪಂಕ್ ಎನ್ನುತ್ತಾರೆಂದು ಅಕ್ಕನ ಮಗ ಕಾಗದ ಬರೆದು ತಿಳಿಸಿದ. ಅದರಲ್ಲಿ ಇಷ್ಟೆಲ್ಲ ಬೆರೆಸುವವರು ಕಡಿಮೆಯಂತೆ. ನಮಗೆ ಬೆರಕೆ ವಿಶೇಷವೆನಿಸಲಿಲ್ಲ. ಕನ್ನಡದಲ್ಲಿ ಶುರುವಾದ ಮಾತು ತಮಿಳಿನಲ್ಲಿ ತಿರುಗಿ ತೆಲುಗಿನಲ್ಲಿ ಮುಗಿಯುವ ಊರು ನಮ್ಮದು. ಪದಗಳು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಆ ಹುಡುಗರಿಗೆ ಕೂತಲ್ಲಿ ಕೂರಲು ಆಗುತ್ತಿಲ್ಲ ಎನ್ನುವುದು ತಿಳಿಯುತ್ತಿತ್ತು. ನನಗೂ ಆಗುತ್ತಿರಲಿಲ್ಲ. ಸೈರನ್ನಿಗೆ ಎದ್ದು ಸೈರನ್ನಿಗೆ ಉಣ್ಣುವ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ, ಮುಂದಿನ ಗಳಿಗೆಯಲ್ಲಿ ಏನಾಗುತ್ತದೆಂದು ಹೇಳಲಾಗದ ವಸ್ತು ಅದೊಂದೇ ಆಗಿತ್ತು. ನಾನು ಅದರ ಮೇಲೆ ಜೀವ ಇಟ್ಟುಕೊಂಡೆ.

ಪಕ್ಕದ ಮೆಷಿನ್ನಿನಲ್ಲಿ ರತ್ನಮ್ಮ ಕೂರುತ್ತಿದ್ದಳು. ಕಾಮಸಮುದ್ರದ ಹತ್ತಿರದ ಹಳ್ಳಿಯವಳು. ಬೆಳಿಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲಿನಲ್ಲಿ ಬಂದು ಹನ್ನೊಂದಕ್ಕೆ ಸರಿಯಾಗಿ ಹಾಜರು. ಅವಳಪ್ಪ ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದು ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರು. ಆ ಆಧಾರದ ಮೇಲೆ ಇವಳಿಗೆ ಕೆಲಸ ಸಿಗುವುದಿತ್ತು. ಆದರೆ ಒಂದು ವರ್ಷದೊಳಗೆ ಟೈಪಿಂಗ್ ಪಾಸಾಗಬೇಕು. ಪರೀಕ್ಷೆ ಆರು ತಿಂಗಳಿಗೊಮ್ಮೆ. ಎರಡು ಅವಕಾಶ, ಅಷ್ಟೇ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು.

"ದಿನಾ ಕೇಳ್ತಾಳೆ ನಮ್ಮವ್ವ, ಬೆರಳು ಬಂತಾ ಅಂತ. ಏನಂತ ಏಳ್ಲಿ?" ಎನ್ನುತ್ತಿದ್ದಳು. ಹಸು ಕರೆದು ಗಟ್ಟಿಯಾದ ಬೆರಳು ಅವಳದ್ದು. ಚುಕ್ಕೆ ಇಟ್ಟರೆ ಕಾಗದ ತೂತು.

ಒಂದು ತಿಂಗಳ ನಂತರ ಯಾರೋ ಪರಿಚಯದವರು ಮಿಸ್‌ಗೆ ಒಂದು ಹೊಸ ಮಾರ್ಚ್ ರೆಕಾರ್ಡು ತಂದುಕೊಟ್ಟರು. ಮೊದಲ ಪರೀಕ್ಷೆಗೆ ಎರಡು ತಿಂಗಳಿತ್ತು. "ನಾಳೆಯಿಂದ ಇದು. ಆ ಹುಡುಗರ ಆಟ ಸಾಕು" ಎಂದರು ಮಿಸ್. ಮರುದಿನ ನಾನು ಎಲ್ಲರಿಗಿಂತ ಮೊದಲು ಬಂದೆ. ಮಿಸ್ ಹಿಂದಿನ ವರಾಂಡದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಮೇಜಿನ ಮೇಲಿದ್ದ ಮಾರ್ಚ್ ರೆಕಾರ್ಡನ್ನು ಬೀರುವಿನ ಹಿಂದಕ್ಕೆ ತಳ್ಳಿ, ಏನೂ ಅರಿಯದವಳಂತೆ ಕಾಗದ ಏರಿಸಿಕೊಂಡು ಕೂತೆ. ಮಿಸ್ ಒಂದು ವಾರ ಹುಡುಕಿದರು. ತಮಗೇ ಮರೆವು ಶುರುವಾಯಿತೆಂದು ನೊಂದುಕೊಂಡರು. ನಾನು ಅವರ ಜೊತೆ ನಿಂತು ಹುಡುಕುವಷ್ಟು ನೀಚಳಾಗಿದ್ದೆ. ಪಂಕ್ ರೆಕಾರ್ಡು ತಿರುಗುತ್ತಲೇ ಇತ್ತು.

ಪರೀಕ್ಷೆಯ ಹಾಲಿನಲ್ಲಿ ರೆಕಾರ್ಡು ಎಲ್ಲಿಂದ ಬರಬೇಕು? ನಮ್ಮ ತಲೆಯೊಳಗೇ ಅದು ಶುರುವಾಯಿತು. ಮೊದಲ ಹಾಡಿಗೆ ನನ್ನಷ್ಟು ವೇಗ ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಎರಡನೆಯದಕ್ಕೂ ಪರವಾಗಿಲ್ಲ. ಆಮೇಲೆ ಎತ್ತಿನ ಗಾಡಿ ಬಂತು. ಬೆರಳುಗಳನ್ನು ಎಷ್ಟು ದಬ್ಬಿದರೂ ಅವು ಗಾಡಿಯ ಹಿಂದೆಯೇ ನಡೆದವು. ಓರೆಗಣ್ಣಿನಲ್ಲಿ ರತ್ನನ ಕಡೆ ನೋಡಿದೆ. ಅವಳ ಕೈಯೂ ಅದೇ ನಡಿಗೆಯಲ್ಲಿತ್ತು.

ಹೊರಗೆ ಬಂದು ನಲ್ಲಿಯ ಹತ್ತಿರ ನಿಂತಳು. "ಮೂರನೇ ಪಾಟ ಬಂತು ಕಣೇ, ಕೈ ನಿಂತೋಯ್ತು" ಎಂದಳು. ಪಾಟ ಎಂದರೆ ಅವರ ಕಡೆ ಹಾಡು, ಗಡಿಯಾಚೆಯ ತೆಲುಗಿನಿಂದ ಬಂದದ್ದು. ಇಬ್ಬರೂ ಫೇಲಾದೆವು. ನಮ್ಮಪ್ಪ "ಹೋಗಲಿ, ಬಿಎಡ್ ಮಾಡು" ಎಂದರು, ನನ್ನ ಪಾಲಿಗೆ ಪರೀಕ್ಷೆಯ ಗೊಡವೆ ಅಲ್ಲಿಗೆ ಮುಗಿಯಿತು, ಬಿಎಡ್ ಶುರುವಾಗುವವರೆಗೆ ಸುಮ್ಮನೆ ಕ್ಲಾಸಿಗೆ ಹೋಗುತ್ತಿದ್ದೆ. ರತ್ನನಿಗೆ ಉಳಿದದ್ದು ಒಂದೇ ಸಲ.

ಫಲಿತಾಂಶ ಬಂದ ಮರುದಿನ ಬೀರುವಿನ ಹಿಂದೆ ಪೆನ್ಸಿಲ್ ಬಿತ್ತೆಂದು ಬಗ್ಗಿ, ಮಾರ್ಚ್ ರೆಕಾರ್ಡನ್ನು "ಪತ್ತೆ" ಮಾಡಿದೆ. ಮಿಸ್ ನನ್ನ ಕೆನ್ನೆ ತಟ್ಟಿದರು. ಆ ತಟ್ಟು ಈಗಲೂ ಉರಿಯುತ್ತದೆ. ಅಂದಿನಿಂದ ಹೊಸ ಪದ್ಧತಿ: ಕ್ಲಾಸಿನಲ್ಲಿ ಮಾರ್ಚ್, ಒಂದು ಗಂಟೆಗೆ ಮೆಷಿನ್ನು ಮುಚ್ಚಿದ ಮೇಲೆ, ಕೈ ಕಟ್ಟಿ ಕೂತು ಪಂಕ್. ಹೀಗೆ ಹಾಕಿರೆಂದು ಬೇಡಿಕೊಂಡವಳು ನಾನಲ್ಲ, ರತ್ನ. "ಮಿಸ್, ಅದ್ನ ಒಂದ್ ಕಿತ ಆಕಿ ಮಿಸ್" ಎಂದಳು. ರೈಲು ತಪ್ಪಿದರೂ ಕೂರುತ್ತಿದ್ದಳು. ಒಂದು ಮಗ್ಗುಲಿನ ಹಾಡುಗಳು ಮುಗಿದರೆ ಮಿಸ್ ಎದ್ದು ಹೋಗಿ ತಟ್ಟೆ ತಿರುಗಿಸಿ ಹಾಕುತ್ತಿದ್ದರು. ಕೆಳಗಿನ ವಾಚ್ ರಿಪೇರಿಯವರೂ ಒಮ್ಮೊಮ್ಮೆ ಮೆಟ್ಟಿಲಲ್ಲಿ ನಿಂತು ತುತ್ತೂರಿಯ ಹಾಡು ಮುಗಿಯುವವರೆಗೆ ಕೇಳಿ ಹೋಗುತ್ತಿದ್ದರು. ಮುಂದಿನ ಪರೀಕ್ಷೆಯಲ್ಲಿ ರತ್ನ ಪಾಸಾದಳು, ಕೆಲಸ ಸಿಕ್ಕಿತು. ನಾನು ಮೇಷ್ಟ್ರುಗಿರಿಗೆ ಹೋದೆ. ಮಿಸ್ ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ರತ್ನನೂ ನಾನೂ ಮದುವೆ ಮುಂಜಿಗಳಲ್ಲಿ ಸಿಕ್ಕಾಗಲೆಲ್ಲ ಆ ರೆಕಾರ್ಡಿನ ಮಾತು ಬರುತ್ತಿತ್ತು. ಬೀರುವಿನ ಮಾತು ಬರುತ್ತಿರಲಿಲ್ಲ.

ದರ್ಜಿ ಅಂಗಡಿಯಿಂದ ಬಂದ ನಾಲ್ಕನೆಯ ದಿನ ಬಂಗಾರಪೇಟೆಗೆ ಹೊರಟೆ. ರತ್ನ ನಿವೃತ್ತಳಾಗಿ ಅಲ್ಲೇ ಮನೆ ಮಾಡಿಕೊಂಡಿದ್ದಾಳೆ. ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ನಾನೂ ಕೈ ಹಾಕಿದೆ. ಕಾಫಿ ಆಯಿತು, ಮೊಮ್ಮಕ್ಕಳ ಸುದ್ದಿ ಆಯಿತು. ಇನ್ನು ತಡೆಯಲಾರೆನೆಂದು ಹೇಳಿಬಿಟ್ಟೆ.

"ರತ್ನ, ಆ ಹೊಸ ಮಾರ್ಚ್ ರೆಕಾರ್ಡು ಕಳೆದಿರಲಿಲ್ಲ. ಪಂಕ್ ನಿಂತುಹೋಗುತ್ತೆ ಅಂತ ನಾನೇ ಬೀರುವಿನ ಹಿಂದೆ ತಳ್ಳಿದ್ದೆ."

ಅವಳ ಕೈ ನಿಂತಿತು.

"ನಾನು ಫೇಲಾದ್ಮೇಲೆ ನಮ್ಮವ್ವ ಆರ್ ತಿಂಗ್ಳು ಒಪ್ಪತ್ತು ಇದ್ಲು. ಒಂದೊತ್ತು ಉಂಡು ಅರಕೆ ಕಟ್ಕಂಡಿದ್ಲು, ನಂಗೆ ಪಾಸಾಗ್ಲಿ ಅಂತ. ಗೊತ್ತಾ ನಿಂಗೆ?"

"ಗೊತ್ತಿರಲಿಲ್ಲ."

"ಗೊತ್ತಿದ್ದಿದ್ರೆ?"

ಸುಳ್ಳು ಹೇಳಬಹುದಿತ್ತು. "ಆ ವಯಸ್ಸಿನಲ್ಲಿ, ಗೊತ್ತಿದ್ದರೂ ಮಾಡುತ್ತಿದ್ದೆನೇನೋ" ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಂದಿದ್ದ ಕಾಯಿಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಎದ್ದು ಹೊರಡೋಣವೆಂದು ಚಪ್ಪಲಿ ಹುಡುಕುತ್ತಿದ್ದಾಗ ಕೇಳಿದಳು: "ಅದು ಐತಾ ನಿನ್ ಫೋನಲ್ಲಿ?"

"ಇದೆ."

"ಆಕು. ಮೊದ್ಲಿಂದ."

ಹಾಕಿದೆ. ಅವಳು ನನ್ನ ಮುಖ ನೋಡದೆ ಕೇಳಿದಳು. ಮಹಡಿಯಿಂದ ಹಾರಿದರು, ತೂಗಾಡಿದರು, ಎತ್ತಿನ ಗಾಡಿ ಬಂದು ಹೋಯಿತು. ಮೊದಲ ಮಗ್ಗುಲಿನ ಕೊನೆಯ ಹಾಡು ಮುಗಿಯಿತು. ಫೋನಿಗೇನು ಗೊತ್ತು, ಅದು ಮುಂದಿನ ಹಾಡನ್ನು ತಕ್ಷಣ ಶುರು ಮಾಡಿತು. ರತ್ನ ಕೈ ಚಾಚಿ ಅದನ್ನು ನಿಲ್ಲಿಸಿದಳು. ಸಾಕಾಯಿತು, ಇನ್ನು ನಾನು ಹೋಗಬಹುದು ಎಂದುಕೊಂಡೆ.

"ಇರು" ಎಂದಳು. "ಮಿಸ್ಸು ತಿರುಗ್ಸಿ ಆಕ್ಲಿ."

ಇಬ್ಬರೂ ಸುಮ್ಮನೆ ಕೂತೆವು. ಮಿಸ್ ಕುರ್ಚಿಯಿಂದ ಏಳಲು, ಮೂಲೆಯವರೆಗೆ ನಡೆಯಲು, ತಟ್ಟೆಯನ್ನು ಎತ್ತಿ ಮಗ್ಗುಲು ಬದಲಿಸಿ ಫ್ರಾಕಿನ ಅಂಚಿನಿಂದ ಒರೆಸಲು, ಮುಳ್ಳನ್ನು ನಿಧಾನವಾಗಿ ಇಳಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ರತ್ನ ತಾನೇ ಮುಂದಿನ ಹಾಡು ಹಾಕಿದಳು.