ತಾರಸಿಯ ಕಂಬಿಯೂ ದೇಶದ ಪ್ರಗತಿಯೂ

ನಾನು ಕೋಲಾರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನಾದರೂ, ದೇಶದ ಸ್ಥಿತಿ ತಿಳಿಯಲು ಪತ್ರಿಕೆಗಿಂತ ನಮ್ಮ ಮಾಲೂರಿನ ತಾರಸಿಗಳನ್ನೇ ಹೆಚ್ಚು ನಂಬುತ್ತೇನೆ. ನಮ್ಮ ಕಡೆ ಮನೆಯನ್ನು ಪೂರ್ತಿ ಕಟ್ಟಿ ಮುಗಿಸುವವರು ಕಡಿಮೆ. ಮುಂದೊಂದು ದಿನ ಮಹಡಿ ಎಬ್ಬಿಸಲು ಬೇಕೆಂದು ಪಿಲ್ಲರ್‌ಗಳ ಕಬ್ಬಿಣದ ಕಂಬಿಗಳನ್ನು ತಾರಸಿಯ ಮೇಲೆ ಮೊಳದುದ್ದ ಬಿಟ್ಟಿರುತ್ತಾರೆ. ಕಂಬಿ ಕತ್ತರಿಸಿದ ಮನೆ ಕಂಡರೆ, ಪಾಪ, ಇವರಿಗೇನಾಯಿತೋ ಎಂದು ಜನ ಮರುಗುತ್ತಾರೆ.

ದೀರ್ಘಾವಧಿ ಬೆಳವಣಿಗೆ ಎಂದು ನಾನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುವುದೂ ಮುಂದೊಮ್ಮೆ ಮಹಡಿ ಏಳುತ್ತದೆಂಬ ಈ ನಂಬಿಕೆಯನ್ನೇ. ಗೆರೆ ಮೇಲಕ್ಕೆ ಹೋಗುತ್ತದೆ, ನಡುನಡುವೆ ಮುಗ್ಗರಿಸುತ್ತದೆ. ಮುಗ್ಗರಿಸಿದ ವರ್ಷ ಊರಾಚೆಯ ಇಟ್ಟಿಗೆ ಗೂಡುಗಳಲ್ಲಿ ಹೊಗೆ ತೆಳುವಾಗುತ್ತದೆ, ಸುಟ್ಟ ಇಟ್ಟಿಗೆ ಕೊಳ್ಳುವವರಿಲ್ಲದೆ ಪಾಚಿಗಟ್ಟುತ್ತದೆ, ಕಂಬಿಗಳಿಗೆ ತುಕ್ಕು ಹಿಡಿಯುತ್ತದೆ.

ನಮ್ಮ ಮನೆಯ ಕಂಬಿಗಳಿಗೆ ಮಾತ್ರ ತುಕ್ಕು ಬರಲಿಲ್ಲ. ನನ್ನಾಕೆ ನಾಗರತ್ನ ಪ್ರತಿ ಯುಗಾದಿಗೆ ಅವಕ್ಕೆ ಸಿಮೆಂಟ್ ನೀರು ಬಳಿಯುತ್ತಿದ್ದಳು. ಮೇಲೊಂದು ಕೋಣೆ ಕಟ್ಟಿಸಿ ಹೊಲಿಗೆ ತರಗತಿ ನಡೆಸಬೇಕೆಂಬುದು ಅವಳ ಆಸೆ. ಕೆಳಗೆ ಒಂದು ಯಂತ್ರ ಇಡಲೂ ನನ್ನ ಪುಸ್ತಕಗಳು ಜಾಗ ಬಿಟ್ಟಿರಲಿಲ್ಲ. ನಾನು "ಮಾರ್ಕೆಟ್ ಸ್ವಲ್ಪ ಸುಧಾರಿಸಲಿ" ಎನ್ನುತ್ತಿದ್ದೆ. ಸುಧಾರಿಸಿದಾಗ ಇಟ್ಟಿಗೆ ತುಟ್ಟಿ, ಬಿದ್ದಾಗ ನನಗೆ ಭಯ. ಅರ್ಥಶಾಸ್ತ್ರ ಓದಿದವನಿಗೆ ಕಾಯಲು ಕಾರಣಗಳ ಕೊರತೆಯಿಲ್ಲ.

ಹೋದ ವರ್ಷ ಊರಲ್ಲಿ ಕಟ್ಟಡದ ಕೆಲಸವೆಲ್ಲ ನಿಂತಿತ್ತು. ಶ್ರೀನಿವಾಸಪುರದ ಕಡೆಯ ಮೇಸ್ತ್ರಿ ವೆಂಕಟರಮಣಪ್ಪ ನಮ್ಮ ಜಗಲಿಯಲ್ಲಿ ಟೀ ಕುಡಿಯುತ್ತ, "ಎಲ್ರೂ ಆಮೇಲೆ ನೋಡೋಣ ಅಂತಾರೆ ಸಾರ್. ಅಂತೇ, ಅಷ್ಟೇ, ಕೆಲ್ಸ ಇಲ್ಲ" ಎಂದು ತೆಲುಗು ಬೆರೆಸಿ ಹೇಳಿದರು.

ಹಿಂಜರಿತವೆಂದರೆ ಇದೇ, ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿಯುವುದು ಎಂದು ನಾನು ಪಾಠ ಶುರುಮಾಡಿದೆ.

ನಾಗರತ್ನ ಒಳಗಿನಿಂದ ಬಂದಳು. "ಹಂಗಾದ್ರೆ ಯಾರಾದ್ರೂ ಒಬ್ರು ಮೊದ್ಲು ಕೈ ಬಿಚ್ಬೇಕಲ್ವೇನ್ರೀ? ಮೇಸ್ತ್ರಿಗಳೇ, ಸೋಮವಾರ ಬನ್ನಿ."

ನನ್ನ ಪಾಠವನ್ನು ಯಾರೋ ಮೊದಲ ಸಲ ಕಾರ್ಯರೂಪಕ್ಕೆ ತಂದದ್ದು ಕಂಡು ಹೆಮ್ಮೆಯಾಯಿತು; ಒಳಗೆ ಹೋಗಿ ಪಾಸ್‌ಬುಕ್ಕನ್ನೂ ತೆಗೆದು ನೋಡಿದೆ.

ಇಟ್ಟಿಗೆ ಲಾರಿ ಬಂದಾಗ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಅರ್ಥಶಾಸ್ತ್ರದ ಮೇಷ್ಟ್ರೇ ಕಟ್ಟಿಸುತ್ತಿದ್ದಾರೆಂದರೆ ಕಾಲ ಸುಧಾರಿಸಿರಲೇಬೇಕು ಎಂದುಕೊಂಡರು. ಎದುರುಮನೆಯವರು ಮರಳು ಇಳಿಸಿದರು, ಅವರನ್ನು ನೋಡಿ ಮೂಲೆಮನೆಯವರು. ನಮ್ಮ ಕೋಣೆಗೆ ಗೋಡೆ ಎದ್ದು ಸೂರು ಹಾಕಿಯಾಗಿತ್ತು, ಗಾರೆಯೊಂದು ಬಾಕಿ. ಮೇಸ್ತ್ರಿಗೆ ಫೋನ್ ಮಾಡಿದರೆ, "ಮುಂದಿನ ತಿಂಗ್ಳು ಬರ್ತೀನಿ ಸಾರ್, ಈಗ ಪುರುಸೊತ್ತಿಲ್ಲ" ಎಂದರು.

ಅಲ್ಲಿಯವರೆಗೆ ತಡೆಯೋಣ ಎಂದು ಹೇಳಲು ಮಹಡಿ ಹತ್ತಿದೆ. ಬರಿ ಇಟ್ಟಿಗೆಯ ಗೋಡೆಗಳ ನಡುವೆ ಬೀದಿಯ ಹೆಂಗಸರು ಚಾಪೆ ಹಾಸಿ ಕೂತಿದ್ದರು. ನಾಗರತ್ನ ಟೇಪು ಹಿಡಿದು ಅಳತೆ ತೆಗೆಯುವುದನ್ನು ಹೇಳಿಕೊಡುತ್ತಿದ್ದಳು. ನಾನು ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು ಪಾಠ ಕೇಳಿದೆ.