ಕ್ಲಬ್ ಬದಲಿಸುವಂತಿಲ್ಲ

ಇವತ್ತು ಈ ಕೊಲ್ಲಿ ದೇಶದ ಇಂಡಸ್ಟ್ರಿಯಲ್ ಏರಿಯಾದ ನಮ್ಮ ವರ್ಕ್‌ಶಾಪಿನಲ್ಲಿ ಚಹಾದ ಹೊತ್ತಿಗೆ ಜಗಳವಾಯಿತು ಸ್ನೇಹಿತರೇ. ನನಗೂ ಉಳ್ಳಾಲದ ಹಮೀದನಿಗೂ ಮೊಟ್ಟೆಯಾಕಾರದ ಚೆಂಡಿನ ಆಸ್ಟ್ರೇಲಿಯನ್ ಫುಟ್‌ಬಾಲಿನ ಹುಚ್ಚು ಹಿಡಿಸಿದವನು ಸೂಪರ್‌ವೈಸರ್ ಗ್ರೆಗ್. ಅವನ ಊರಿನ ಕ್ಲಬ್ಬೇ ನಮ್ಮ ಕ್ಲಬ್ಬು. ಅದು ಪ್ರತಿವರ್ಷ ಸೋಲುತ್ತದೆ. ಸೀಸನ್ ಶುರುವಾಗುವ ಮುಂಚಿನ ಈ ತಿಂಗಳುಗಳಲ್ಲಿ ಮಾತ್ರ ನಾವು ಗೆಲ್ಲುತ್ತಿರುತ್ತೇವೆ.

"ಹೊಸ ಹುಡುಗರು ಒಳ್ಳೆ ಓಡ್ತಿದ್ದಾರಂತೆ. ಈ ಸಲ ನಮ್ದೇ ಮಾರಾಯ," ಅಂದ ಹಮೀದ್.

ಗ್ರೆಗ್ ಚಹಾ ಕೆಳಗಿಟ್ಟ. "ನನ್ನ ಕೆಲಸ ಖಲಾಸ್. ಮುಂದಿನ ವಾರ ಊರಿಗೆ."

ಹಮೀದ್ ಸಿಡಿದ. "ಸೋಲುವ ಕ್ಲಬ್ಬನ್ನು ನಮ್ಮ ತಲೆಗೆ ಕಟ್ಟಿ ನೀನು ಹೋಗುದಾ? ನಾವು ಬೇರೆ ಕ್ಲಬ್ ಹಿಡೀತೇವೆ!"

ಗ್ರೆಗ್‌ನ ಮುಖ ಕೆಂಪಾಯಿತು. ಅರಬಿಯಲ್ಲೇ 'ಇಲ್ಲ' ಅಂದ. "ಮಾಫಿ! ಒಮ್ಮೆ ಹಿಡಿದ ಕ್ಲಬ್ ಸಾಯುವವರೆಗೆ ಬಿಡುವಂತಿಲ್ಲ."

ಇಲ್ಲಿ ಕಂಪನಿ ಬದಲಿಸಲು ವೀಸಾ ಕೊಟ್ಟ ಸ್ಪಾನ್ಸರ್ ಬಿಡುವುದಿಲ್ಲ. ಕ್ಲಬ್ಬಾದರೂ ಬದಲಿಸೋಣವೆಂದರೆ, ಹೊರಟು ನಿಂತವನು ಬಿಡುವುದಿಲ್ಲ.