ಅತ್ತವರಿಗೆ ಕಾಣುವ ಸೆರಗು

ಮೊನ್ನೆ ಸೊಸೆ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕಿದಳು. ಒಣಗಿದ ಬೇವಿನ ಎಲೆಯ ಜೊತೆಗೆ ಹಳೆಯ ಗಂಜಿಯ ವಾಸನೆ ಬಂತು. ನನ್ನ ಕೈ ತಾನಾಗಿ ಒಂದು ಸೀರೆಯ ಸೆರಗಿನ ಬುಡಕ್ಕೆ ಹೋಯಿತು. ನಮ್ಮ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ, ಆಮೇಲೆ ಸೆರಗು ನೇಯಬೇಕು. ಆ ಕೊಂಡಿಗಳ ಸಾಲು ಬೆರಳಿಗೆ ಸಣ್ಣಗೆ ಹತ್ತುತ್ತದೆ.

"ಏನ್ ಹುಡಕಾಕತ್ತೀರಿ ಅತ್ತಿ?" ಎಂದು ಸೊಸೆ ಕೇಳಿದಳು. ಏನಿಲ್ಲ ಎಂದೆ. ಆಯಿಯನ್ನು ಹುಡುಕುತ್ತಿದ್ದೇನೆ ಎಂದರೆ ಅವಳಿಗೇನು ತಿಳಿದೀತು?

ಕೆರೂರಿನ ಹುಡುಗಿ ನಾನು. ಈ ಮನೆಗೆ ಸೊಸೆಯಾಗಿ ಬಂದಾಗ ಪ್ಲೇಗಿನ ಕಾಲ. ನಮ್ಮದು ಲಿಂಗ ಕಟ್ಟಿದ ನೇಕಾರರ ಓಣಿ. ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಅವಳೂ ಇದೇ ಓಣಿಯ ಸೊಸೆಯೇ. ಗಂಡ ಸತ್ತ ಮೇಲೆ, ಇದ್ದೊಬ್ಬ ಮಗನೊಂದಿಗೆ ಕ್ರಿಸ್ತನ ದಾರಿ ಹಿಡಿದಿದ್ದಳಂತೆ. ಅಂದಿನಿಂದ ನೆಂಟರು ದೂರ, ಬಾವಿ ದೂರ. ಆದರೆ ಕೊಂಡಿ ಹಾಕುವುದರಲ್ಲಿ ಅವಳಷ್ಟು ಚುರುಕು ಕೈ ಊರಲ್ಲೇ ಇರಲಿಲ್ಲ. ಹೀಗಾಗಿ ಅವಳ ಕೈಯ ನೀರು ಮೈಲಿಗೆಯಾಯಿತು, ಅವಳ ಕೈಯ ಕೊಂಡಿ ಮಡಿಯಾಗಿಯೇ ಉಳಿಯಿತು. ನಮ್ಮತ್ತೆಯಂತೂ ಇದರಲ್ಲಿ ಗಟ್ಟಿ. ಬೇಸಿಗೆಯ ಮಧ್ಯಾಹ್ನ ಆಯಿಯ ಕಟ್ಟೆಯ ಮೇಲೆ ಕೂತು ಗಂಟಲು ಒಣಗಿದರೂ, ನೀರು ಬೇಕಾದಾಗ ಎದ್ದು ಮನೆಗೇ ಬರುತ್ತಿದ್ದರು.

ಆಯಿಗೊಂದು ಪದ್ಧತಿಯಿತ್ತು. ಮುಂಜಾನೆ ಮೊದಲ ಕೊಂಡಿ ಹಾಕುವ ಮುಂಚೆ ಒಂದು ಮಾತು ಹೇಳುವಳು. ಅದು ಆ ದಿನದ ಮಾತು. ಸಂಜೆಯವರೆಗೂ ಅದನ್ನೇ ಬಾಯಲ್ಲಿಟ್ಟುಕೊಂಡು ಕೆಲಸ ಮಾಡುವಳು. ಓದು ಬರಹ ಬಾರದು. ರವಿವಾರ ಪ್ರಾರ್ಥನೆಗೆ ಹೋಗಿ ಕೇಳಿ ಬಂದದ್ದನ್ನು ವಾರವೆಲ್ಲ ಮೆಲುಕು ಹಾಕಿ, ತನ್ನದೇ ಮಾತಿನಲ್ಲಿ ಸುತ್ತಿಕೊಳ್ಳುತ್ತಿದ್ದಳು. ಅವಳ ದೇವರನ್ನು ಅವಳು ಕರ್ತ ಎನ್ನುತ್ತಿದ್ದಳು. "ಇವತ್ತಿನ ಎಳಿ ಇವತ್ತ ಕೂಡಸು, ನಾಳಿನ ನೂಲು ಕರ್ತನ ಕಡೆ ಐತಿ." "ದೀಪಾ ಹಚ್ಚಿದಾಂವ ಎಣ್ಣಿ ಮರತಿರಂಗಿಲ್ಲ." ಇಂಥವು. ಹಾಸು ಕೊಡಲು ಹೋದ ಹೆಂಗಸರು ನಕ್ಕು, "ಆಯಿ, ಇವತ್ತಿಂದೇನ ಐತಿ?" ಎಂದು ಕೇಳುತ್ತಿದ್ದರು. ನಗುತ್ತಲೇ ಕೇಳಿದರೂ ಕೇಳದೆ ಯಾರೂ ಹೋಗುತ್ತಿರಲಿಲ್ಲ. ಸಂತೆಯಲ್ಲಿ ಕಾಯಿಪಲ್ಲೆಯ ಜೊತೆ ಕೊತ್ತಂಬರಿ ಕೇಳಿದ ಹಾಗೆ ಅದು ರೂಢಿಯಾಗಿಬಿಟ್ಟಿತ್ತು.

ನನ್ನ ಮೊದಲ ಕೂಸು ಹುಟ್ಟಿದ ವರ್ಷ ಊರಲ್ಲಿ ಮತ್ತೆ ಇಲಿ ಸತ್ತು ಬಿದ್ದವು. ಎಲ್ಲರೂ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಅಲ್ಲಿಯೇ ಕೂಸು ಹೋಯಿತು... ಅದಕ್ಕೆ ಪ್ಲೇಗು ಹತ್ತಿತ್ತೋ, ಬರೀ ಥಂಡಿಯೋ, ಇಂದಿಗೂ ಗೊತ್ತಿಲ್ಲ. ನಾನು ಗುಡಿಸಲ ತಟ್ಟಿಯ ಕಡೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ಅತ್ತೆ ಬೈದರು, ಗದರಿದರು. ಅವರಿಗೆ ಸಮಾಧಾನ ಮಾಡಲು ಬರುತ್ತಿದ್ದುದೇ ಹಾಗೆ. ಒಂದು ಮುಂಜಾನೆ ಆಯಿ ನಮ್ಮ ಗುಡಿಸಲ ಹೊರಗೆ ಬಂದು ನಿಂತಳು. ಒಳಗೆ ಬರಲಿಲ್ಲ. ತಟ್ಟಿಯ ಸಂದಿಯಿಂದಲೇ ಹೇಳಿದಳು:

"ಅಳೂ ಮುಂದ ಕರ್ತಗ ಬೆನ್ನ ಮಾಡಬ್ಯಾಡ ಮಗಳ. ಅವನ ಸೆರಗಿನಾಗ ಮುಖಾ ಇಟ್ಟು ಅಳು."

ಅಷ್ಟು ದುಃಖದಲ್ಲೂ ನನಗೆ ಸಿಟ್ಟು ಬಂತು. "ಗಂಡಸು ದೇವರಿಗೆ ಸೆರಗ ಎಲ್ಲಿಂದ ಬಂತು ಆಯಿ?" ಎಂದೆ.

"ಅತ್ತವರಿಗೆ ಕಾಣತೈತಿ," ಎಂದಳು. ಹೋಗಲಿಲ್ಲ, ಅಲ್ಲಿಯೇ ಕೂತಳು. ನಾನು ಅವತ್ತು ಮೊದಲ ಸಲ ಬಾಯಿಬಿಟ್ಟು ಅತ್ತೆ. ಮರುದಿನ ಎದ್ದು ಒಲೆ ಹಚ್ಚಿದೆ.

ಮುಂದೆ ಎರಡು ಮೂರು ವರ್ಷಕ್ಕೆ ಆ ಸರದಿ ಅವಳದಾಯಿತು. ಬಾಗಲಕೋಟೆಗೆ ನೂಲು ತರಲು ಹೋದ ಮಗ, ಬರುವಾಗ ಹುನಗುಂದದ ದಾರಿಯಲ್ಲಿ ವಾಂತಿಭೇದಿ ಹತ್ತಿ ಚಕ್ಕಡಿಯಲ್ಲಿಯೇ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಆಯಿ ಬಾಗಿಲು ಮುಚ್ಚಿಕೊಂಡು ಕೂತಳು. ಊಟವಿಲ್ಲ, ಮಾತಿಲ್ಲ. ಪಾದ್ರಿಯವರು ಬಂದು ಪ್ರಾರ್ಥನೆ ಮಾಡಿ ಹೋದರು; ಅವರಿಗೂ ತುಟಿ ಬಿಚ್ಚಲಿಲ್ಲ. ಊರಿಗೆಲ್ಲ ಧೈರ್ಯ ಹೇಳುತ್ತಿದ್ದವಳ ಕರ್ತ ಈಗೆಲ್ಲಿ ಹೋದ ಎಂದು ಓಣಿಯಲ್ಲಿ ಮಾತಾಡಿಕೊಂಡರು. ಹೀಗೇ ಬಿಟ್ಟರೆ ಮುದುಕಿ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಹೋಗುವವರು ಮಾತ್ರ ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಂದು ಬಟ್ಟಲು ಅಂಬಲಿ ಹಿಡಿದು ಹೋದೆ.

ಅವಳು ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಅರ್ಧ ಕೂಡಿಸಿದ ಹಾಸು ಹಾಗೆಯೇ ಬಿದ್ದಿತ್ತು. ಬಟ್ಟಲನ್ನು ಅವಳ ಮುಂದೆ ಇಟ್ಟೆ. ಕೊನೆಗೆ ಅವಳು ನನಗೆ ಹೇಳಿದ್ದನ್ನೇ ಅವಳಿಗೆ ಹೇಳಹೊರಟೆ. ಆದರೆ ಬಾಯಿ ಕೇಳಬೇಕಲ್ಲ? ಹುಟ್ಟಿದಾಗಿನಿಂದ ಕಷ್ಟಕ್ಕೆ ಬಾಯಿಗೆ ಬರುತ್ತಿದ್ದುದು ಒಂದೇ ಹೆಸರು.

"ಶಿವಗ ಬೆನ್ನ ಮಾಡಬ್ಯಾಡ ಆಯಿ," ಎಂದೆ. "ಶಿವನ ಸೆರಗಿನಾಗ ಮುಖಾ ಇಟ್ಟು ಅಳು."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಆಯಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ನಿಮ್ಮ ಶಿವಗ ಹುಲಿ ಚರ್ಮ ಅಲ್ಲೇನ?" ಎಂದಳು. "ಅದಕ್ಕ ಸೆರಗ ಎಲ್ಲಿಂದ ಬರಬೇಕವ್ವಾ..."

ಅವಳ ತುಟಿ ನಗುವಿಗೆಂದು ಅಲುಗಿತು, ಆದರೆ ಬಂದದ್ದು ಅಳು. ಎಷ್ಟೋ ಹೊತ್ತು ಅತ್ತಳು. "ಕರ್ತಾ, ಕರ್ತಾ" ಎನ್ನುತ್ತ ನನ್ನ ಸೆರಗನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನಾನೂ ಅತ್ತುಬಿಟ್ಟೆ. ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಅತ್ತೆ ಬಂದರು. ಬೈಗುಳಕ್ಕೆ ನಾನು ಸಜ್ಜಾದೆ. ಅವರು ಹೊಸ್ತಿಲಲ್ಲಿ ನಿಂತು ಆಯಿಯನ್ನು ನೋಡಿದರು, ಬಿದ್ದಿದ್ದ ಹಾಸನ್ನು ನೋಡಿದರು.

"ನೀ ಹಿಂಗ ಕುಂತಿ ಅಂದ್ರ ನಮ್ಮ ಮಗ್ಗದಾಗಿನ ಸೀರಿಗೆ ಸೆರಗ ಯಾರ ಕೂಡಸಬೇಕು?" ಎಂದರು. "ಮೊದಲ ಅಂಬಲಿ ಕುಡಿ."

ಆಯಿ ಕುಡಿದಳು. ಕೆಲವು ದಿನಗಳಲ್ಲಿ ಅವಳ ಮುಂಜಾನೆಯ ಮಾತು ಮತ್ತೆ ಶುರುವಾಯಿತು. ದನಿ ಸಣ್ಣದಾಗಿತ್ತು, ಅಷ್ಟೆ. ಅತ್ತೆ ಮಾತ್ರ ನೀರು ಬೇಕಾದಾಗ ಎದ್ದು ಮನೆಗೆ ಬರುವುದನ್ನು ಬಿಡಲಿಲ್ಲ.

ಆಯಿ ಹೋದದ್ದು ಆ ದೊಡ್ಡ ಜ್ವರದ ವರ್ಷ, ಮನೆಮನೆಯಲ್ಲೂ ಜನ ಮಲಗಿದ್ದಾಗ. ನಾನು ಬಾಣಂತನಕ್ಕೆ ಕೆರೂರಿನಲ್ಲಿದ್ದೆ, ಮುಖ ನೋಡಲಾಗಲಿಲ್ಲ. ತಿರುಗಿ ಬಂದಾಗ ಅವಳ ಮನೆಗೆ ಕೀಲಿ ಬಿದ್ದಿತ್ತು. ಅತ್ತೆ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಕೈಯಲ್ಲಿದ್ದ ಮೊರದಿಂದ ಕಣ್ಣು ತೆಗೆಯದೆ ಹೇಳಿದರು:

"ಕಡೀ ದಿನ ಇವತ್ತಿನ ಮಾತ ಏನಂತ ಕೇಳಾಕತ್ತಿದ್ಲು. ತನಗ ನೆನಪಾಗವಲ್ಲದಾಗಿತ್ತು. ಹತ್ರ ಯಾರೂ ಇರಲಿಲ್ಲ."

"ನೀವು ಹೋಗಿದ್ರೇನ್ರಿ ಅತ್ತಿ?"

"ಹೋಗದ ಏನ ಮಾಡ್ಲಿ? ಆ ಸೆರಗಿಂದ ಹೇಳಿದೆ. ಕರ್ತನ ಸೆರಗ ಅಂತನ ಹೇಳೇನಿ, ನಿನ್ನಂಗ ತಪ್ಪಿಲ್ಲ. ನೀ ಶಿವಾ ಅಂದದ್ದ ಅಕೀನ ನನ್ನ ಮುಂದ ಹೇಳಿದ್ಲು." ಸ್ವಲ್ಪ ಹೊತ್ತು ಜೋಳ ಕೇರಿದರು. "ಅಕೀ ತಂಬಿಗಿಲೇ ಬಾಯಾಗ ನೀರ ಹಾಕಿದೆ. ಎರಡ ಗುಟುಕ ಕುಡದ್ಲು."

ನಾನು ಅವರ ಪಕ್ಕದಲ್ಲಿ ಕೂತೆ.

"ಉಳಿದದ್ದ ಚೆಲ್ಲಾಕ ಮನಸಾಗಲಿಲ್ಲ," ಎಂದರು ಅತ್ತೆ. "ನಾನ ಕುಡದೆ."

ಆಮೇಲೆ ಅತ್ತೆ ಆ ಮಾತನ್ನು ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗ ಅವರೂ ಇಲ್ಲ. ಆಯಿ ಹೇಳಿದ ಮಾತುಗಳಲ್ಲಿ ನನಗೆ ಉಳಿದಿರುವುದು ಬೆರಳೆಣಿಕೆಯಷ್ಟು. ಉಳಿದವು ಯಾವ ಯಾವ ಸೀರೆಯ ಜೊತೆ ಯಾವ ಯಾವ ಊರಿಗೆ ಹೋದವೋ... ಬರೆದಿಡುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ಬಿಸಿಲಿಗೆ ಹಾಕಿದ ಸೀರೆಗಳನ್ನು ಸಂಜೆ ಸೊಸೆ ಮಡಚಿದಳು. ಆಯಿ ಸೆರಗು ಕೂಡಿಸಿದ ಆ ಒಂದು ಸೀರೆಯನ್ನು ನಾನು ಕೊಡಲಿಲ್ಲ. ಒಡಲು ಅಲ್ಲಲ್ಲಿ ಹರಿದಿದೆ, ಉಡಲು ಬಾರದು. ಕೊಂಡಿಗಳು ಮಾತ್ರ ಒಂದೂ ಬಿಟ್ಟಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಸೆರಗಿನಲ್ಲಿ ಮುಖ ಇಟ್ಟು, ಅವಳಿಗಾಗಿ ಸ್ವಲ್ಪ ಹೊತ್ತು ಅತ್ತೆ.

ಕಾಣುತ್ತದೆ ಆಯಿ.